ತೋಟದ ಆಚೆ ದಕ್ಷಿಣಕ್ಕೆ ಕಾಣೋ ಜೋಡಿ ನಕ್ಷತ್ರ: ಎಡಗಡೆಯದ್ದು ಒಂದಾ, ಮೂರಾ?

ತೋಟದಮನೆ, ತಿಪಟೂರು (ಮೇ 12, ರಾತ್ರಿ 11:50)

ಎಲ್ಲರಿಗೂ ನಮಸ್ಕಾರ. ನಾನು ಖಗೋಳ ಓದಿದವನಲ್ಲ. ತೆಂಗು, ಅಂಚಿಗೆ ಒಂದಿಷ್ಟು ಅಡಿಕೆ, ಮಳೆ ಕೈ ಹಿಡಿದ ವರ್ಷ ರಾಗಿ, ಇಷ್ಟೇ ನನ್ನ ಪ್ರಪಂಚ. ಈ ವಾರ ನಮ್ಮ ಲೈನಿಗೆ ತ್ರೀ ಫೇಸ್ ರಾತ್ರಿ ಪಾಳಿ. ಹತ್ತಕ್ಕೆ ಅಂತಾರೆ, ಹನ್ನೊಂದಕ್ಕೆ ಬರುತ್ತೆ, ಬಂದು ಹತ್ತು ನಿಮಿಷಕ್ಕೆ ಹೋಗುತ್ತೆ. ಮನೆಗೆ ಹೋಗಿ ಮಲಗಿದ್ರೆ ಮೋಟ್ರು ಹಾಕೋರು ಯಾರು? ಸ್ಟಾರ್ಟರ್ ಡಬ್ಬದ ಪಕ್ಕ ಚಾಪೆ ಹಾಸ್ಕೊಂಡು ಆಕಾಶ ನೋಡ್ತಾ ಬಿದ್ದಿರೋದೇ ಕೆಲಸ.

ಹಾಗೆ ನೋಡ್ತಾ ಇದ್ದಾಗ ದಕ್ಷಿಣಕ್ಕೆ, ತೀರಾ ಕೆಳಗೆ, ಒಂದರ ಪಕ್ಕ ಒಂದು ಎರಡು ಒಳ್ಳೇ ಹೊಳೆಯೋ ನಕ್ಷತ್ರ ಕಂಡ್ವು. ತೋಟದ ಒಳಗಿಂದ ಕಾಣಲ್ಲ, ಗರಿ ಅಡ್ಡ ಬರುತ್ತೆ. ರಾಗಿ ಹೊಲದ ಬದುವಿನ ಮೇಲೆ ನಿಂತ್ರೆ ಚೆನ್ನಾಗಿ ಕಾಣುತ್ತೆ. ಮಗಳು ಫಸ್ಟ್ ಪಿಯುಸಿ ಮುಗಿಸಿ ರಜದಲ್ಲಿದಾಳೆ. ಫೋನಲ್ಲಿ ಅದ್ಯಾವುದೋ ಆ್ಯಪ್ ಹಿಡಿದು ನೋಡಿ, "ಅಪ್ಪ, ಎಡಗಡೆದು ಆಲ್ಫಾ ಸೆಂಟಾರಿ. ನಮ್ಮ ಸೂರ್ಯನ ಥರದ್ದೇ. ನಮಗೆ ಅತಿ ಹತ್ತಿರದ್ದು. ಮತ್ತೆ ಅದು ಒಂದಲ್ಲ, ಮೂರು" ಅಂದ್ಲು. ನನಗೆ ಕಾಣೋದು ಒಂದೇ. ಭಾವಮೈದ ಮಿಲಿಟರಿಯಲ್ಲಿದ್ದಾಗ ತಂದ ಬೈನಾಕ್ಯುಲರ್ ಇದೆ, ಅದರಲ್ಲೂ ಒಂದೇ.

ಮೂರಿದ್ರೆ ಉಳಿದೆರಡು ಎಲ್ಲಿವೆ? ಅದಕ್ಕೆ ಗ್ರಹ ಇದೆ ಅಂತ ಒಂದು ವಿಡಿಯೋ, ಇದ್ದದ್ದು ಕಳೆದುಹೋಯ್ತು ಅಂತ ಇನ್ನೊಂದು ವಿಡಿಯೋ. ಗ್ರಹ ಏನು ಕುರಿಯಾ ಕಳೆದುಹೋಗೋಕೆ? ಇನ್ನೊಂದು ನನ್ನ ಸ್ವಂತ ಅನುಮಾನ. ಎರಡು ಸೂರ್ಯ ಇರೋ ಊರಲ್ಲಿ ರಾತ್ರಿ ಅಂತ ಆಗುತ್ತಾ? ಆಗದಿದ್ರೆ ಅಲ್ಲಿಯ ರೈತರಿಗೆ ತ್ರೀ ಫೇಸ್ ಯಾವಾಗ ಕೊಡ್ತಾರೆ?

ಗೊತ್ತಿದ್ದೋರು ಬಿಡಿಸಿ ಹೇಳಿ. ನನಗೆ ಅರ್ಥ ಆಗೋ ಹಾಗೆ ಹೇಳಿದ್ರೆ ಸಾಕು, ಮಗಳಿಗೆ ನಾನು ದಾಟಿಸ್ತೀನಿ.

ಪಂಚಾಂಗಪ್ರಿಯ (ಮೇ 13, ಬೆಳಗ್ಗೆ 6:20)

ದಕ್ಷಿಣಕ್ಕೆ ಹೊಳೆಯುವ ನಕ್ಷತ್ರ ಎಂದರೆ ಅಗಸ್ತ್ಯ. ಆ್ಯಪ್ ನಂಬಬೇಡಿ. ನಮ್ಮ ಹಿರಿಯರು ಆ್ಯಪ್ ಇಲ್ಲದೆಯೇ ಗುರುತಿಸುತ್ತಿದ್ದರು.

ಹಂಚಿನಮನೆ ದುರ್ಬೀನು, ಉಡುಪಿ ಕಡೆ (ಮೇ 13, ಬೆಳಗ್ಗೆ 10:05)

ಪಂಚಾಂಗದವರೇ, ಹಿರಿಯರು ಗುರುತಿಸುತ್ತಿದ್ದದ್ದು ಹೌದು. ಆದರೆ ಮೇ ತಿಂಗಳಲ್ಲಿ ಅಗಸ್ತ್ಯ ರಾತ್ರಿ ಎಂಟರ ಹೊತ್ತಿಗೆ ನೈಋತ್ಯದಲ್ಲಿ ಮುಳುಗಿ ಆಯಿತು. ಇವರು ಹತ್ತು ಗಂಟೆ ಮೇಲೆ ಚಾಪೆ ಹಾಸಿದವರು. ಹುಡುಗಿ ಹೇಳಿದ್ದೇ ಸರಿ. ಎಡಗಡೆದು ಆಲ್ಫಾ ಸೆಂಟಾರಿ, ಸ್ವಲ್ಪ ಹಳದಿ. ಬಲಗಡೆದು ಬೀಟಾ, ನೀಲಿ ಬಿಳಿ. ಬೀಟಾದಿಂದ ಇನ್ನೂ ಬಲಕ್ಕೆ ಹೋದರೆ ಗಾಳಿಪಟದ ಹಾಗೆ ನಾಲ್ಕು ನಕ್ಷತ್ರ, ಅದು ನಮ್ಮ ತ್ರಿಶಂಕು. ಬೀಟಾಕ್ಕೂ ಆಲ್ಫಾಕ್ಕೂ ನೆಂಟಸ್ತನ ಎಂತದ್ದೂ ಇಲ್ಲ. ಅದು ಎಷ್ಟೋ ನೂರು ಜ್ಯೋತಿರ್ವರ್ಷ ಹಿಂದೆ ಉಂಟು. ಬಸ್ಸಿನ ಕಿಟಕಿಯಿಂದ ನೋಡುವಾಗ ಹತ್ತಿರದ ಕಂಬದ ಪಕ್ಕ ದೂರದ ಗುಡ್ಡ ಕಂಡ ಹಾಗೆ, ಅಷ್ಟೆ.

ತೋಟದಮನೆಯವರೇ, ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವ, ನಿವೃತ್ತ. ಮೊದಲು ಆನ್‌ಲೈನಿನಲ್ಲಿ ಒಂದು ದುರ್ಬೀನು ತರಿಸಿ ಮೋಸ ಹೋದೆ. ಡಬ್ಬದ ಮೇಲೆ 525 ಪಟ್ಟು ದೊಡ್ಡದು ಮಾಡ್ತದೆ ಎಂದು ಬರೆದಿತ್ತು. ಸ್ಟ್ಯಾಂಡ್ ಮುಟ್ಟಿದರೆ ನಕ್ಷತ್ರ ಕಾದ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಕುಣೀತಿತ್ತು. ಅದು ಈಗ ಮೊಮ್ಮಗನ ಆಟಕ್ಕೆ. ಆಮೇಲೆ ಆರು ಇಂಚು ಕನ್ನಡಿಯದ್ದು ತೆಗೆದುಕೊಂಡೆ. ವರ್ಷಕ್ಕೆ ಒಂದು ತಿಂಗಳು, ಮಳೆ ಹಿಡಿಯುವ ಮೊದಲು, ಟೆರೇಸಿನಲ್ಲಿ ಇದೇ ನಕ್ಷತ್ರಕ್ಕೆ ಕಾಯುತ್ತೇನೆ. ಹಾಗಾಗಿ ಇದರ ಬಗ್ಗೆ ಸ್ವಲ್ಪ ಉದ್ದ ಬರೆದರೆ ಬೇಜಾರು ಮಾಡಬೇಡಿ.

ಮೊದಲು ನೋಡುವ ಕ್ರಮ. ನಿಮ್ಮ ತಿಪಟೂರಿನಲ್ಲಿ ಅದು ಹೆಚ್ಚೆಂದರೆ 16 ಡಿಗ್ರಿ ಏರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ 10 ಡಿಗ್ರಿ, ಅಂದರೆ ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ. 50 ಅಡಿಯ ತೆಂಗಿನ ಮರದ ತಲೆ ಮೇಲೆ ಅದು ಕಾಣಬೇಕಾದರೆ ಮರದಿಂದ 175 ಅಡಿಯಾದರೂ ಹಿಂದೆ ನಿಲ್ಲಬೇಕು. ನೀವು ಬದುವಿಗೆ ಹೋದದ್ದು ಅದಕ್ಕೇ ಸರಿಯಾಯಿತು. ಈ ವಾರ ಸುಮಾರು ಹನ್ನೊಂದೂವರೆಗೆ ನೇರ ದಕ್ಷಿಣದಲ್ಲಿ ಇರುತ್ತದೆ, ಜೂನ್ ಒಂದರ ಹೊತ್ತಿಗೆ ಹತ್ತೂಕಾಲಿಗೇ ಬರ್ತದೆ. ನಿಂತಲ್ಲೇ ಹಿಂದಕ್ಕೆ ತಿರುಗಿದರೆ ಉತ್ತರದಲ್ಲಿ ಸಪ್ತರ್ಷಿ. ಅದರ ಬಾಲದಲ್ಲಿ ಮದುವೆಯಲ್ಲಿ ಪುರೋಹಿತರು ತೋರಿಸುವ ವಸಿಷ್ಠ–ಅರುಂಧತಿ. ಕಣ್ಣು ಚುರುಕಿದ್ದವರಿಗೆ ಆ ಇಬ್ಬರೂ ಬೇರೆ ಬೇರೆ ಕಾಣುತ್ತಾರೆ. ಆಲ್ಫಾ ಸೆಂಟಾರಿಯ ಜೋಡಿಯ ನಡುವಿನ ಸಂದು ಅದಕ್ಕಿಂತ ಎಪ್ಪತ್ತು ಪಟ್ಟಾದರೂ ಕಿರಿದು. ಹಾಗಾಗಿ ಬರಿಗಣ್ಣಿಗೆ ಒಂದೇ, ಭಾವಮೈದನ ಬೈನಾಕ್ಯುಲರಿಗೂ ಒಂದೇ. ಬೈನಾಕ್ಯುಲರಿನ ತಪ್ಪಲ್ಲ.

ದುರ್ಬೀನಿನಲ್ಲಿ ಎರಡಾಗುತ್ತದೆ. ಇದನ್ನು ಮೊದಲು ಕಂಡದ್ದು ಯುರೋಪಿನಲ್ಲಿ ಕುಳಿತವರಲ್ಲ, ಪುದುಚೇರಿಯಲ್ಲಿ. 1689ರ ಡಿಸೆಂಬರಿನಲ್ಲಿ ಫಾದರ್ ರಿಶೋ ಎಂಬ ಜೆಸ್ಯೂಟ್ ಪಾದ್ರಿ ಒಂದು ಧೂಮಕೇತು ನೋಡುತ್ತಿದ್ದರು. ಆ ತಿಂಗಳಲ್ಲಿ ಆಲ್ಫಾ ಸೆಂಟಾರಿ ಬೆಳಗಿನ ಜಾವ ಮೇಲೆ ಬರ್ತದೆ. ದುರ್ಬೀನು ಅತ್ತ ತಿರುಗಿಸಿದಾಗ ಒಂದು ನಕ್ಷತ್ರದ ಜಾಗದಲ್ಲಿ ಎರಡು. ನನಗೆ ಇದು ಓದಿದಾಗ ಆದ ಖುಷಿ ಹೇಳಲಿಕ್ಕಿಲ್ಲ. ಪುದುಚೇರಿಯಲ್ಲೂ ಅದು ನಮ್ಮಲ್ಲಿಯ ಹಾಗೆ ತಗ್ಗಿನಲ್ಲೇ, ಕಡಲ ಹಬೆಯ ಒಳಗೇ ಕಾಣುವುದು!

ಈಗ ನಿಮ್ಮ "ಮೂರು". ಎ, ಬಿ (ಇದು ಪಕ್ಕದ ಬೀಟಾ ಅಲ್ಲ), ಪ್ರಾಕ್ಸಿಮಾ ಎಂದು ಕರೆಯುವ. ಎ ಎಂಬುದೇ ಸೂರ್ಯನ ತದ್ರೂಪಿ. ಸೂರ್ಯನದ್ದೇ ಜಾತಿ, ಸ್ವಲ್ಪ ಗಟ್ಟಿ ಆಸಾಮಿ, ಒಂದೂವರೆ ಪಟ್ಟು ಬೆಳಕು. ಬಿ ಸ್ವಲ್ಪ ಸಣ್ಣದು, ಕಿತ್ತಳೆ ಬಣ್ಣ, ಸೂರ್ಯನ ಅರ್ಧದಷ್ಟು ಬೆಳಕು. ಇವೆರಡೂ ಒಂದನ್ನೊಂದು ಸುತ್ತಲು ಹತ್ತಿರ ಹತ್ತಿರ 80 ವರ್ಷ ತೆಗೆದುಕೊಳ್ಳುತ್ತವೆ. ಅಂದರೆ ಹೆಚ್ಚುಕಡಿಮೆ ಒಂದು ಸಹಸ್ರ ಚಂದ್ರ ದರ್ಶನ. ಅವು ಕಳೆದ ಸಲ ತೀರಾ ಹತ್ತಿರ ಬಂದದ್ದು 1955ರಲ್ಲಿ, ನಾನು ಹುಟ್ಟಿದ ವರ್ಷ. ಇನ್ನೊಮ್ಮೆ 2035ರಲ್ಲಿ. ಅವರದ್ದೊಂದು ಸುತ್ತು ಪೂರಾ ನೋಡಿಯೇ ಹೋಗುವ ಆಸೆ ನನಗುಂಟು, ಮಂಡಿ ಒಪ್ಪಿದರೆ.

ಆದರೆ ಒಂದು ವಿಚಿತ್ರ. 2016ರಲ್ಲಿ ನಮಗೆ ಕಾಣುವ ಸಂದು ತೀರಾ ಕಿರಿದಾಗಿತ್ತು, ಒಂದು ಡಿಗ್ರಿಯ 3600ರಲ್ಲಿ 4 ಪಾಲು, ಅಂದರೆ 4 ಆರ್ಕ್‌ಸೆಕೆಂಡ್. ನನ್ನ ನೋಟ್‌ಬುಕ್ಕಿನಲ್ಲಿ ಆ ವರ್ಷ "ಒಂದೇ. ಅಲುಗುತ್ತದೆ. ಬೇಸರ" ಎಂದು ಬರೆದಿದ್ದೇನೆ. ಅಲ್ಲಿಂದ ಮೇಲೆ ಸಂದು ಅಗಲ ಆಗುತ್ತಾ ಬಂದಿದೆ, 10ರ ಹತ್ತಿರಕ್ಕೆ ಹೋಗಿ ಮತ್ತೆ ಕಿರಿದಾಗುತ್ತದೆ. ನಿಜವಾಗಿ ಅವು ಹತ್ತಿರ ಆಗುತ್ತಿರುವ ಹೊತ್ತಿನಲ್ಲೇ ನಮ್ಮ ಕಣ್ಣಿಗೆ ದೂರ ಆಗುವುದು ಹೇಗೆ? ಊಟದ ತಟ್ಟೆಯನ್ನು ಕಣ್ಣ ಮಟ್ಟಕ್ಕೆ ಓರೆಯಾಗಿ ಹಿಡಿದು ನೋಡಿ. ಅಂಚಿನಲ್ಲಿ ಓಡುವ ಇರುವೆ ನಮ್ಮ ಕಡೆಗೋ ಆಚೆಗೋ ಇದ್ದಾಗ ನಡುವಿಗೆ ಅಂಟಿದ ಹಾಗೆ ಕಾಣುತ್ತದೆ, ಪಕ್ಕಕ್ಕೆ ಬಂದಾಗ ದೂರ ಕಾಣುತ್ತದೆ. ಅವರ ದಾರಿ ನಮಗೆ ಹಾಗೆ ಓರೆ. ಹೋದ ಮೂರು ವರ್ಷದಿಂದ ನನ್ನ ಪುಸ್ತಕದಲ್ಲಿ "ಎರಡು. ಖಂಡಿತ ಎರಡು" ಎಂದು ಉಂಟು.

ಮೂರನೆಯದು ಪ್ರಾಕ್ಸಿಮಾ. ಅದನ್ನು ಈ ಜೋಡಿಯ ಪಕ್ಕದಲ್ಲಿ ಹುಡುಕಬೇಡಿ. ನಾಲ್ಕು ಹುಣ್ಣಿಮೆ ಚಂದ್ರನನ್ನು ಸಾಲಾಗಿ ಇಟ್ಟಷ್ಟು ದೂರದಲ್ಲಿ ಉಂಟು, ಬರಿಗಣ್ಣಿಗೆ ಕಾಣುವುದೇ ಇಲ್ಲ. 1915ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ರಾಬರ್ಟ್ ಇನ್ನೆಸ್ ಎಂಬವರು ಐದು ವರ್ಷ ಅಂತರದ ಎರಡು ಫೋಟೋ ಪ್ಲೇಟುಗಳನ್ನು ಹೋಲಿಸಿ ನೋಡುವಾಗ ಒಂದು ಮಂಕು ಚುಕ್ಕಿ ಜಾಗ ಬದಲಿಸಿದ್ದು ಕಂಡರು. ಆಲ್ಫಾ ಸೆಂಟಾರಿ ಯಾವ ದಿಕ್ಕಿಗೆ ಎಷ್ಟು ಸರಿಯುತ್ತದೋ ಅದೂ ಸುಮಾರು ಅಷ್ಟೇ. ಜಾತ್ರೆಯ ಗುಂಪಿನಲ್ಲಿ ದೂರ ದೂರ ನಡೆಯುವವರು ಒಂದೇ ಮನೆಯವರು ಎಂದು ನಡಿಗೆ ನೋಡಿ ಗೊತ್ತಾದ ಹಾಗೆ. ಮೂವರಲ್ಲಿ ನಮಗೆ ಅತಿ ಹತ್ತಿರ ಇದೇ, 4.24 ಜ್ಯೋತಿರ್ವರ್ಷ. ಎ ಮತ್ತು ಬಿ ಸುಮಾರು 4.37. ಇದು ಆ ಜೋಡಿಯನ್ನು ನಿಜವಾಗಿಯೂ ಸುತ್ತುತ್ತದೋ, ಸುಮ್ಮನೆ ಜೊತೆಗೆ ಹೋಗುತ್ತಿದೆಯೋ ಎಂಬ ಚರ್ಚೆ ನೂರು ವರ್ಷ ನಡೆಯಿತು. ಸುತ್ತುತ್ತದೆ ಎಂದು ವೇಗ ಅಳೆದು ಹೇಳಿದ್ದು ಮೊನ್ನೆ ಮೊನ್ನೆ, 2017ರ ಸುಮಾರಿಗೆ. ಒಂದು ಸುತ್ತಿಗೆ ಐದೂವರೆ ಲಕ್ಷ ವರ್ಷ.

ಅಳತೆ ನಿಮ್ಮ ಊರಿನ ಲೆಕ್ಕದಲ್ಲೇ ಹೇಳ್ತೇನೆ. ಎ ಒಂದು ತೆಂಗಿನಕಾಯಿ, ಸುಲಿದದ್ದು, 12 ಸೆಂಟಿಮೀಟರ್. ಅದನ್ನು ನಿಮ್ಮ ಸ್ಟಾರ್ಟರ್ ಡಬ್ಬದ ಮೇಲೆ ಇಡಿ. ಅಲ್ಲಿ ಭೂಮಿಯಂತಹದ್ದೊಂದು ಇದ್ದರೆ ಅದು ರಾಗಿ ಕಾಳಿಗಿಂತ ಸಣ್ಣದು, ನಮಗೆ ಸೂರ್ಯ ಇರುವಷ್ಟೇ ದೂರದಲ್ಲಿ ಇಡುವುದಾದರೆ 35 ಅಡಿ. ಬಿ ಅಂದರೆ ಎಂಟೂವರೆ ಸೆಂಟಿಮೀಟರಿನ ಮರಿಗಾಯಿ. ನಿಮ್ಮ ಮರದಿಂದ ಮರಕ್ಕೆ 30 ಅಡಿ ಎಂದು ಹಿಡಿಯುವ. 2035ರಲ್ಲಿ ತೀರಾ ಹತ್ತಿರ ಬಂದಾಗ ಬಿ 13ನೇ ಮರದ ಬುಡದಲ್ಲಿ. ದೂರ ಹೋದಾಗ 41ನೇ ಮರ. ಪ್ರಾಕ್ಸಿಮಾ ಒಂದು ಗೋಲಿ. ಅದು ತೋಟದಲ್ಲಿ ಇಲ್ಲ, ತಾಲೂಕಿನಲ್ಲೂ ಇಲ್ಲ. ಬೆಂಗಳೂರಿನ ಕೆ.ಆರ್. ಪುರದಲ್ಲಿ ಉಂಟು! ಅಲ್ಲಿಂದ ಆ ಗೋಲಿ ನಿಮ್ಮ ತಿಪಟೂರಿನ ಕಾಯಿಗಳನ್ನು ಸುತ್ತುತ್ತಾ ಇದೆ. ನಮ್ಮ ಸೂರ್ಯ? ಅದು ದೋಹಾದಲ್ಲಿ. ಇದೇ ಅತಿ ಹತ್ತಿರದ ನೆರೆಮನೆ, ಮಾರಾಯ್ರೆ.

ರಾತ್ರಿಯ ಪ್ರಶ್ನೆಗೆ ಸಂಜೆ ಬರೆಯುತ್ತೇನೆ, ಈಗ ಗಂಜಿ ಆರ್ತಾ ಉಂಟು.

ಬರೀ ಪ್ರಶ್ನೆ (ಮೇ 13, ಮಧ್ಯಾಹ್ನ 1:40)

ಅಂಕಲ್, ಕತೆ ಚೆನ್ನಾಗಿದೆ. ಆದರೆ ಗ್ರಹದ ವಿಷಯಕ್ಕೆ ಬನ್ನಿ. 2012ರಲ್ಲಿ "ಸಿಕ್ಕಿತು" ಅಂದರು, ಆಮೇಲೆ "ಇಲ್ಲ" ಅಂದರು. 2025ರಲ್ಲಿ ಮತ್ತೆ "ಸಿಕ್ಕಿತು, ಆದರೆ ಈಗ ಕಾಣುತ್ತಿಲ್ಲ". ಇಷ್ಟು ಹತ್ತಿರದ ನಕ್ಷತ್ರಕ್ಕೇ ಈ ಗತಿ, ಇನ್ನು ಸಾವಿರಾರು ಜ್ಯೋತಿರ್ವರ್ಷ ಆಚೆಯ ಗ್ರಹಗಳನ್ನು ನಂಬೋದು ಹೇಗೆ? ಅಷ್ಟಕ್ಕೂ 4.3 ಜ್ಯೋತಿರ್ವರ್ಷ ಅಂತ ಟೇಪ್ ಹಿಡಿದವರು ಯಾರು?

ಹಂಚಿನಮನೆ ದುರ್ಬೀನು, ಉಡುಪಿ ಕಡೆ (ಮೇ 13, ಸಂಜೆ 7:30)

ಟೇಪ್ ಹಿಡಿದವರ ಹೆಸರು ಥಾಮಸ್ ಹೆಂಡರ್ಸನ್. ಹೆಬ್ಬೆರಳು ಎತ್ತಿ ಹಿಡಿದು ಎಡಗಣ್ಣು ಬಲಗಣ್ಣು ಒಂದೊಂದಾಗಿ ಮುಚ್ಚಿ. ಬೆರಳು ಹಿಂದಿನ ಗೋಡೆಯ ಮೇಲೆ ಆಚೆ ಈಚೆ ಹಾರುತ್ತದೆ ಅಲ್ವಾ? ಕಣ್ಣೆರಡರ ಬದಲು ಭೂಮಿ ಸೂರ್ಯನ ಆ ಬದಿ ಮತ್ತು ಈ ಬದಿ ಇದ್ದಾಗಿನ ನೋಟ, ಬೆರಳಿನ ಬದಲು ನಕ್ಷತ್ರ. ಹೆಂಡರ್ಸನ್ 1832–33ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ನಲ್ಲಿ ಕುಳಿತು ಆಲ್ಫಾ ಸೆಂಟಾರಿಯನ್ನು ಅಳೆದರು. ಒಟ್ಟು ಹಾರಾಟದ ಅರ್ಧ ಎಷ್ಟು? ಈಗಿನ ಲೆಕ್ಕದಲ್ಲಿ ಮುಕ್ಕಾಲು ಆರ್ಕ್‌ಸೆಕೆಂಡ್. ತಿಪಟೂರಿನಲ್ಲಿ ನಿಂತು ಅರಸೀಕೆರೆಗಿಂತ ಆಚೆ, 33 ಕಿಲೋಮೀಟರ್ ದೂರದಲ್ಲಿ ಇಟ್ಟ ಒಂದು ತೆಂಗಿನಕಾಯಿ ಎಷ್ಟು ದಪ್ಪ ಕಾಣುತ್ತದೋ ಅಷ್ಟು. ಪಾಪ, ಅವರು ತಮ್ಮ ಲೆಕ್ಕವನ್ನು ಹೊರಗೆ ಹಾಕಿದ್ದು 1839ರಲ್ಲಿ. ಅದಕ್ಕೆ ಮುಂಚಿನ ವರ್ಷವೇ ಜರ್ಮನಿಯ ಬೆಸೆಲ್ ಇನ್ನೊಂದು ನಕ್ಷತ್ರದ ದೂರ ಪ್ರಕಟಿಸಿ ಮೊದಲಿಗ ಅನ್ನಿಸಿಕೊಂಡಾಗಿತ್ತು. ಕ್ಯಾಷ್ ಟ್ಯಾಲಿ ಆದಮೇಲೂ ಮೂರು ಸಲ ಎಣಿಸುವವರ ಕಷ್ಟ ನನಗೆ ಗೊತ್ತು.

ಗ್ರಹದ ವಿಷಯ. ನೀವು ತಮಾಷೆ ಮಾಡಿದ್ದು ನನಗೆ ಅಡ್ಡಿ ಇಲ್ಲ, ಆದರೆ ನಾನು ಆ ಎರಡು ಸುದ್ದಿಯನ್ನೂ ಉಲ್ಟಾ ಓದುತ್ತೇನೆ.

ಗ್ರಹ ನಕ್ಷತ್ರವನ್ನು ಸುತ್ತುವಾಗ ನಕ್ಷತ್ರವೂ ಸುಮ್ಮನೆ ನಿಂತಿರುವುದಿಲ್ಲ, ಚೂರು ತೂಗಾಡುತ್ತದೆ. ಆ ತೂಗಾಟದ ವೇಗವನ್ನು ಬೆಳಕಿನಲ್ಲಿ ಓದುತ್ತಾರೆ. 2012ರಲ್ಲಿ ಬಿ ನಕ್ಷತ್ರದ ತೂಗಾಟ ಸೆಕೆಂಡಿಗೆ ಅರ್ಧ ಮೀಟರ್ ಎಂದು ಲೆಕ್ಕ ಹಾಕಿ, ಮೂರೂಕಾಲು ದಿನಕ್ಕೆ ಒಂದು ಸುತ್ತು ಬರುವ ಗ್ರಹ ಉಂಟು ಎಂದು ಜಿನೀವಾದ ತಂಡ ಹೇಳಿತು. ಸೆಕೆಂಡಿಗೆ ಅರ್ಧ ಮೀಟರ್ ಎಂದರೆ ಈಗಷ್ಟೇ ನಡೆಯಲು ಕಲಿತ ಮಗುವಿನ ವೇಗ. ಅದೂ ಕುದಿಯುವ, ಮೈತುಂಬ ಕಲೆ ಇರುವ ಒಂದು ಬೆಂಕಿ ಚೆಂಡಿನದ್ದು! 2015ರಲ್ಲಿ ಆಕ್ಸ್‌ಫರ್ಡಿನವರು ಅದೇ ಅಂಕಿಗಳನ್ನು ಹಿಡಿದು ಇನ್ನೊಮ್ಮೆ ಕೂಡಿಸಿ ಕಳೆದರು. ಯಾವ ಯಾವ ರಾತ್ರಿ ನೋಡಿದರು, ಯಾವ ರಾತ್ರಿ ಬಿಟ್ಟರು ಎಂಬ ಅಂತರದಿಂದಲೇ ಅಂತಹ ತಾಳ ಹುಟ್ಟಬಹುದು ಎಂದು ತೋರಿಸಿದರು. ಗ್ರಹ ಹೋಯಿತು. ನನಗೆ ಇದರಲ್ಲಿ ನಾಚಿಕೆ ಕಾಣುವುದಿಲ್ಲ. ನೂರು ರೂಪಾಯಿ ಜಾಸ್ತಿ ಬಂದಿದೆ ಎಂದು ಬರೆದ ಕ್ಯಾಷಿಯರನ ಪುಸ್ತಕವನ್ನು ಇನ್ನೊಬ್ಬ ತೆಗೆದು ನೋಡಿ, "ಇಲ್ಲ, ನೀನು ಒಂದು ಕಟ್ಟು ಎರಡು ಸಲ ಎಣಿಸಿದ್ದಿ" ಎಂದ. ಪುಸ್ತಕ ತೆರೆದಿಟ್ಟದ್ದರಿಂದಲೇ ಗೊತ್ತಾದದ್ದು.

ಇದೇ ಉಪಾಯದಲ್ಲಿ 2016ರಲ್ಲಿ ಪ್ರಾಕ್ಸಿಮಾಕ್ಕೆ ಸಿಕ್ಕಿದ ಗ್ರಹ ಗಟ್ಟಿಯಾಗಿ ನಿಂತಿದೆ. 11.2 ದಿನಕ್ಕೆ ಒಂದು ಸುತ್ತು, ತೂಕ ಭೂಮಿಗೆ ಹತ್ತಿರ ಹತ್ತಿರ ಸಮ ಅಥವಾ ಹೆಚ್ಚು. ಅಲ್ಲಿ ತೂಗಾಟ ಸುಮಾರು ಗಂಟೆಗೆ ಐದು ಕಿಲೋಮೀಟರ್, ನಾನು ಬೆಳಗ್ಗೆ ವಾಕಿಂಗ್ ಹೋಗುವ ವೇಗ. 2022ರಲ್ಲಿ ಇನ್ನೂ ಹಗುರದ ಒಂದು, ಐದು ದಿನಕ್ಕೆ ಸುತ್ತುವುದು ಸಿಕ್ಕಿತು. ಇವು ಬೇರೆ ಬೇರೆ ಉಪಕರಣಕ್ಕೆ, ಬೇರೆ ಬೇರೆ ವರ್ಷ ಅದೇ ತಾಳದಲ್ಲಿ ಸಿಗುತ್ತಾ ಬಂದವು. ಹಾಗೆಂದು ಅಲ್ಲಿ ಸೈಟ್ ಕೊಳ್ಳಲು ಹೊರಡಬೇಡಿ. ಪ್ರಾಕ್ಸಿಮಾ ಸಿಟ್ಟಿನ ಗೋಲಿ. 2016ರ ಮಾರ್ಚಿನಲ್ಲಿ ಒಮ್ಮೆ ಅದು ತಟ್ಟನೆ 68 ಪಟ್ಟು ಹೊಳೆದು ತಣಿಯಿತು. ಗ್ರಹ ಅದಕ್ಕೆ ತೀರಾ ಹತ್ತಿರ ಕುಳಿತಿದೆ.

ಈಗ ಎ, ನಿಜವಾದ ಸೂರ್ಯನ ತಮ್ಮ. 2024ರ ಆಗಸ್ಟಿನಲ್ಲಿ ಜೇಮ್ಸ್ ವೆಬ್ ದುರ್ಬೀನು ಅದರ ಬೆಳಕಿಗೆ ಒಂದು ಮರೆ ಹಿಡಿದು, ಬಿ ನಕ್ಷತ್ರದ ಬೆಳಕನ್ನೂ ಲೆಕ್ಕದಲ್ಲಿ ಕಳೆದು ನೋಡಿತು. ಎ ನಕ್ಷತ್ರಕ್ಕಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಮಂಕಾದ ಒಂದು ಚುಕ್ಕಿ ಕಂಡಿತು. ಗ್ರಹವೇ ಆದರೆ ಶನಿಯಷ್ಟು ತೂಕ, ಭೂಮಿ–ಸೂರ್ಯ ಅಂತರದ ಸುಮಾರು ಎರಡು ಪಟ್ಟು ದೂರ. ತೋಟದ ಲೆಕ್ಕದಲ್ಲಿ ಒಂದು ಕಡಲೆಕಾಳು, ಎರಡು ಮರ ದಾಟಿ ಸ್ವಲ್ಪ ಆಚೆ. 2025ರ ಫೆಬ್ರುವರಿ, ಏಪ್ರಿಲಿನಲ್ಲಿ ಮತ್ತೆ ನೋಡಿದರೆ ಇಲ್ಲ. ಆ ಆಗಸ್ಟಿನಲ್ಲಿ ಅವರು ಸುದ್ದಿ ಕೊಟ್ಟದ್ದು "ಅಭ್ಯರ್ಥಿ" ಎಂದೇ, "ಗೆದ್ದ" ಎಂದಲ್ಲ. ಅದು ಹೋಗಬಹುದಾದ ದಾರಿಗಳನ್ನೆಲ್ಲ ಲೆಕ್ಕ ಹಾಕಿ ನೋಡಿದರೆ, ಅರ್ಧದಷ್ಟು ದಾರಿಗಳಲ್ಲಿ ಆ ಎರಡು ಹೊತ್ತಿಗೂ ಗ್ರಹ ನಕ್ಷತ್ರಕ್ಕೆ ತೀರಾ ಹತ್ತಿರ ಹೋಗಿ ಮರೆಯಾಗಿರುತ್ತದೆ ಎಂದೂ ಹೇಳಿದರು. ಹಾಗಾಗಿ ತೋಟದಮನೆಯವರೇ, ಕುರಿ ಕಳೆದದ್ದಲ್ಲ. ಪೊದೆ ಹಿಂದೆ ಬೆಳ್ಳಗೆ ಏನೋ ಕಂಡಿತು, ಕುರಿಯೋ ಕಲ್ಲೋ ಎಂದು ಇನ್ನೊಮ್ಮೆ ನೋಡುವ ಮೊದಲು ಕತ್ತಲಾಯಿತು.

ಕೊನೆಗೆ ನಿಮ್ಮ ರಾತ್ರಿ. ಎ ನಕ್ಷತ್ರದ ಸುತ್ತ ನಮ್ಮಂತಹ ನೆಲ ಉಂಟು, ಅಲ್ಲಿ ನೀವು ತೋಟ ಮಾಡಿದ್ದೀರಿ ಎಂದು ಇಟ್ಟುಕೊಳ್ಳಿ. ಹಗಲು ಎ ಇಂದ. ಬಿ ಅಂದರೆ ಆಕಾಶದಲ್ಲಿ ಒಂದು ಕಣ್ಣು ಕುಕ್ಕುವ ಚುಕ್ಕಿ. ತೀರಾ ಹತ್ತಿರ ಇದ್ದಾಗ ಅದರ ಬೆಳಕು ನಮ್ಮ ಹಗಲಿನ 250ರಲ್ಲಿ ಒಂದು ಪಾಲು. ಸಣ್ಣದು ಅನ್ನಿಸ್ತದೆ ಅಲ್ವಾ? ಹುಣ್ಣಿಮೆಗೆ ಹೋಲಿಸಿದರೆ ಸಾವಿರದೈನೂರು ಪಟ್ಟಿಗಿಂತ ಹೆಚ್ಚು. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಕುಳಿತು ಪೇಪರ್ ಓದಿದ ಹಾಗೆ. ದೂರ ಹೋದಾಗ ಅದರ ಹತ್ತರಲ್ಲೊಂದು ಪಾಲು. ಇನ್ನೊಂದು ಮಜಾ ನೋಡಿ. ನಿಮ್ಮ ನೆಲ ಎ ಸುತ್ತ ತಿರುಗುವಾಗ ಅರ್ಧ ವರ್ಷ ಬಿ ಹಗಲಿನಲ್ಲೇ ಎ ಜೊತೆ ಇರುತ್ತದೆ, ಆಗ ನಮ್ಮದೇ ಥರ ಗಟ್ಟಿ ಕತ್ತಲು. ಉಳಿದ ಅರ್ಧ ವರ್ಷ ಎ ಮುಳುಗಿದ ಮೇಲೆ ಬಿ ಮೇಲೆ ಇರುತ್ತದೆ, ನಟ್ಟ ನಡುರಾತ್ರಿ ಬ್ಯಾಟರಿ ಇಲ್ಲದೆ ಗೇಟ್ ವಾಲ್ವ್ ತಿರುಗಿಸಬಹುದು. ತ್ರೀ ಫೇಸ್ ಮಾತ್ರ ಯಾವಾಗ ಕೊಡುತ್ತಾರೆ ಎಂದು ಅಲ್ಲೂ ಯಾರೂ ಹೇಳಲಾರರು.

ಮೂರನೆಯವ ಪ್ರಾಕ್ಸಿಮಾ ಅಲ್ಲಿಂದ ಒಂದು ಸಾಮಾನ್ಯ ಮಂಕು ನಕ್ಷತ್ರ. ಸಿಟಿಯ ಬೆಳಕಿದ್ದರೆ ಕಾಣುವುದೂ ಇಲ್ಲ. ಒಂದೇ ಮನೆಯವ ಎಂದು ಅಲ್ಲಿಯವರಿಗೂ ಬಹುಶಃ ಯಾರಾದರೂ ಫೋಟೋ ಹೋಲಿಸಿಯೇ ಹೇಳಬೇಕಾಗಿತ್ತು. ನಮ್ಮ ಸೂರ್ಯ ಅಲ್ಲಿಂದ ಕ್ಯಾಸಿಯೋಪಿಯ ಎಂಬ ನಕ್ಷತ್ರಪುಂಜದ ಡಬ್ಲ್ಯೂ ಆಕಾರದ ಪಕ್ಕ, ಸಾಲಿಗೆ ಆರನೆಯದಾಗಿ ಸೇರಿದ ಒಂದು ಒಳ್ಳೇ ಹೊಳಪಿನ ನಕ್ಷತ್ರ.

ಯರ್ರಾ ದಂಡೆಯ ಸಾಗರದವಳು (ಮೇ 14, ಬೆಳಗ್ಗೆ 5:10)

ನಾನು ಮೆಲ್ಬರ್ನ್‌ನಲ್ಲಿರೋದು, ಊರು ಸಾಗರ. ಇಲ್ಲಿ ಆಲ್ಫಾ ಸೆಂಟಾರಿ ಮುಳುಗೋದೇ ಇಲ್ಲ, ವರ್ಷಪೂರ್ತಿ ಮೇಲೇ. ಮೇ ತಿಂಗಳಲ್ಲಿ ನಡುರಾತ್ರಿಗೆ ಮುಂಚೆ ಕತ್ತೆತ್ತಿ ನೋಡಬೇಕು, 67 ಡಿಗ್ರಿ ಎತ್ತರ. ಉಡುಪಿ ಅಂಕಲ್‌ಗೆ ಹೊಟ್ಟೆ ಉರೀಲಿ ಅಂತ ಹೇಳ್ತಿಲ್ಲ. ಇಲ್ಲಿಯ ಖಗೋಳ ಕ್ಲಬ್ಬಿನವರು ನಾಲ್ಕು ಇಂಚಿನ ದುರ್ಬೀನಲ್ಲಿ ತೋರಿಸಿದ್ದರು. ಕಾರಿನ ಎರಡು ಹೆಡ್‌ಲೈಟ್ ದೂರದಿಂದ ಬರ್ತಾ ಇದ್ದ ಹಾಗೆ, ಒಂದು ಬಲ್ಬು ಸ್ವಲ್ಪ ಹಳೇದು. ಅಲುಗಾಟವೇ ಇಲ್ಲ.

ಪ್ರಾಕ್ಸಿಮಾ ತೋರಿಸಿ ಅಂತ ಹಟ ಮಾಡಿದೆ. ಪಾಪ, ಆ ಮನುಷ್ಯ ನಕ್ಷೆ ಹಿಡ್ಕೊಂಡು ಇಪ್ಪತ್ತು ನಿಮಿಷ ಹುಡುಕಿ, "ಆ ಮೂರು ಚುಕ್ಕಿಯಲ್ಲಿ ನಡುವಿನದ್ದು" ಅಂದ. ನನಗೆ ಮೂರೂ ಒಂದೇ ಥರ ಕಂಡ್ವು. ನಮಗೆ ಅತಿ ಹತ್ತಿರದ ನಕ್ಷತ್ರ ಅಂದ್ರೆ ಇಷ್ಟೇನಾ ಅನ್ನಿಸ್ತು, ಸುಳ್ಳು ಹೇಳಲ್ಲ.

ಇಲ್ಲಿಯವರು ಆಲ್ಫಾ ಬೀಟಾ ಎರಡಕ್ಕೂ ಸೇರಿಸಿ ಪಾಯಿಂಟರ್ಸ್ ಅಂತಾರೆ, ತ್ರಿಶಂಕುವನ್ನ ತೋರಿಸೋದ್ರಿಂದ. ಈ ರಾಜ್ಯದ ವಾಯವ್ಯ ಭಾಗದ ಮೂಲನಿವಾಸಿ ಬೂರಾಂಗ್ ಜನರ ಕತೆಯಲ್ಲಿ ಇವರಿಬ್ಬರು ಅಣ್ಣ ತಮ್ಮ, ಶೂರರು. ಜನರನ್ನ ಕಾಡ್ತಿದ್ದ ದೈತ್ಯ ಎಮು ಪಕ್ಷಿಯನ್ನ ಈಟಿ ಹಾಕಿ ಕೊಂದೋರು. ಎಮು ಅಂದ್ರೆ ತ್ರಿಶಂಕು ಪಕ್ಕ ಇರೋ ಕಪ್ಪು ಕಲೆ, ಆಕಾಶಗಂಗೆ ಮಧ್ಯೆ. ನಮ್ಮಲ್ಲಿ ವಿಶ್ವಾಮಿತ್ರ ತ್ರಿಶಂಕುವಿಗೆ ಅಲ್ಲೇ ನಿಲ್ಲು ಅಂದ ಜಾಗದಲ್ಲೇ ಇಲ್ಲಿ ಬೇಟೆ ನಡೀತಿದೆ.

ತೋಟದಮನೆ ಅಣ್ಣ, ನಿಮ್ಮ ಮಗಳಿಗೆ ಹೇಳಿ, ತಿಪಟೂರಲ್ಲಿ ಅದನ್ನ ಬದುವಿನ ಮೇಲೆ ನಿಂತು ಹುಡುಕಿ ಗುರುತಿಸೋದೇ ದೊಡ್ಡದು. ನನಗೆ ಸಾಗರದಲ್ಲಿದ್ದಾಗ ದಕ್ಷಿಣ ಅಂದ್ರೆ ಬರೀ ಮರ.

ತೋಟದಮನೆ, ತಿಪಟೂರು (ಮೇ 16, ರಾತ್ರಿ 10:40)

ಎಲ್ಲರಿಗೂ ನಮಸ್ಕಾರ. ಮೂರು ದಿನ ಉತ್ತರ ಕೊಡೋಕೆ ಆಗಿರಲಿಲ್ಲ, ಕಾಯಿ ಕೀಳೋರು ಬಂದಿದ್ರು.

ಉಡುಪಿ ಸಾರ್, ನೀವು ಬರೆದದ್ದನ್ನ ಮಗಳು ಎರಡು ಸಲ ಗಟ್ಟಿಯಾಗಿ ಓದಿದ್ಲು. ಆಮೇಲೆ "ಮಾಡೇ ನೋಡೋಣ ಅಪ್ಪ" ಅಂದ್ಲು. ಇವತ್ತು ಸಂಜೆ ಸ್ಟಾರ್ಟರ್ ಡಬ್ಬದ ಮೇಲೆ ಸುಲಿದ ಕಾಯಿ ಇಟ್ವಿ. ಮರ ಎಣಿಸ್ಕೊಂಡು ಹೋದೆ. ಹದಿಮೂರನೇ ಮರ ನಮ್ಮ ಸಾಲಲ್ಲೇ ಸಿಕ್ತು. ಅಲ್ಲಿ ಒಂದು ಮರಿಗಾಯಿ ಇಟ್ಟು ತಿರುಗಿ ನೋಡಿದ್ರೆ ಡಬ್ಬದ ಮೇಲಿನ ಕಾಯಿ ಕಾಣೋದೇ ಕಷ್ಟ. ನಲವತ್ತೊಂದನೇ ಮರಕ್ಕೆ ಹೋಗೋಕೆ ಆಗಲಿಲ್ಲ. ನಮ್ಮ ಸಾಲು ಇಪ್ಪತ್ತೆರಡಕ್ಕೆ ಮುಗಿಯುತ್ತೆ, ಆಚೆ ದಾಯಾದಿ ತೋಟ, ಬೇಲಿ ವಿಷಯಕ್ಕೆ ಮಾತು ಬಿಟ್ಟು ನಾಲ್ಕು ವರ್ಷ. ಬೇಲಿ ಹತ್ರ ನಾನು ಮರಿಗಾಯಿ ಕೈಲಿ ಹಿಡ್ಕೊಂಡು ನಿಂತಿದ್ದನ್ನ ನೋಡಿ ಅವನೇ "ಏನೋ ಅದು?" ಅಂದ. "ಎಂಬತ್ತು ವರ್ಷಕ್ಕೆ ಒಂದು ಸಲ ಇದು ನಿಮ್ಮ ತೋಟಕ್ಕೆ ಬರುತ್ತಂತೆ" ಅಂದೆ. ನನ್ನ ಮುಖ ನೋಡ್ದ, ಒಳಗೆ ಹೋದ.

ಕೆ.ಆರ್. ಪುರದಲ್ಲಿ ನನ್ನ ತಂಗಿ ಮನೆ ಇದೆ. ಮಗಳು ಅತ್ತೆಗೆ ಫೋನ್ ಮಾಡಿ ಕಿಟಕಿ ಮೇಲೆ ಒಂದು ಗೋಲಿ ಇಡೋಕೆ ಹೇಳಿದಾಳೆ. ಇಟ್ಟು ಫೋಟೋನೂ ಕಳಿಸಿದ್ರು.

ಭೂಮಿ ಮಾತ್ರ ಕೈ ಕೊಡ್ತು. ಮೂವತ್ತೈದು ಅಡಿ ಟೇಪಲ್ಲಿ ಅಳೆದು, ಪಾತಿ ಅಂಚಿಗೆ ಒಂದು ಬಾಳೆ ಎಲೆ ಚೂರು ಹಾಸಿ, ಅದರ ಮೇಲೆ ಇದ್ದದ್ದರಲ್ಲೇ ಸಣ್ಣ ರಾಗಿ ಕಾಳು ಆರಿಸಿ ಇಟ್ಟಿದ್ಲು. ಆ ಮಂಕು ಚುಕ್ಕಿ ಗ್ರಹಕ್ಕೆ ಎರಡು ಮರ ಆಚೆ ಕಡಲೆಕಾಳನ್ನೂ ಇಟ್ಟಿದ್ಲು. ಒಳಗೆ ಹೋಗಿ ಕಾಫಿ ಕುಡಿದು ಬರೋದ್ರಲ್ಲಿ ರಾಗಿ ಕಾಳು ಇಲ್ಲ. ಬಗ್ಗಿ ನೋಡಿದ್ರೆ ಒಂದು ಇರುವೆ ಹೊತ್ಕೊಂಡು ಡ್ರಿಪ್ ಪೈಪ್ ದಾಟಿ ಹೋಗ್ತಾ ಇತ್ತು. ಕಡಲೆಕಾಳು ಎತ್ತೋಕೆ ಮೂರು ಇರುವೆ ಸೇರಿದ್ವು, ಅಲುಗಿಸೋಕೆ ಆಗ್ಲಿಲ್ಲ. "ಅದು ಇದೆ ಅಪ್ಪ, ಇದು ಹೋಯ್ತು, ಪೇಪರಿನವರಿಗೆ ಹೇಳೋಣ್ವಾ" ಅಂತ ನಗ್ತಾಳೆ.

ಬರೀ ಪ್ರಶ್ನೆ ಅವರೇ, ನಿಮಗೂ ವಂದನೆ. ನೀವು ಕೆಣಕದೇ ಇದ್ದಿದ್ರೆ ಸಾರ್ ಅಷ್ಟು ಬರೀತಿರಲಿಲ್ಲ.

ಇವತ್ತು ಅಮಾವಾಸ್ಯೆ ಕತ್ತಲು, ಬದುವಿನ ಮೇಲೆ ಕೂತೇ ಬರೀತಿದೀನಿ. ಎರಡೂ ಚೆನ್ನಾಗಿ ಕಾಣ್ತಿವೆ, ಆ ಗಾಳಿಪಟ ತ್ರಿಶಂಕುನೂ ಸಿಕ್ತು. ಒಂದು ಕೇಳೋದಿತ್ತು ಸಾರ್, ಅದು ಒಂದೂವರೆ ಮುಷ್ಟಿ ಅಂದ್ರಲ್ಲ, ನನ್ನ ಮುಷ್ಟಿಗೆ ಒಂದೂಕಾಲೇ ಬರ್ತಿದೆ. ನಿಮಗಿಂತ ನನ್ನ ಕೈ ದಪ್ಪನೋ, ಅಥವಾ ನೇರ ದಕ್ಷಿಣಕ್ಕೆ ಬರೋಕೆ ಇನ್ನೂ ಹೊತ್ತಿದೆಯೋ... ತಡೀರಿ, ಮೀಟರ್ ಬೋರ್ಡಲ್ಲಿ ಮೂರೂ ದೀಪ ಹತ್ತಿದ್ವು. ಮೋಟ್ರು ಹಾಕಿ ಬರ್ತೀನಿ.